ಒಂದು ಕಪ್ ಸೊಪ್ಪು ಎಂದರೆ ಎಷ್ಟು ಗ್ರಾಂ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಒಂದು ಸಲಾಡ್ ರೆಸಿಪಿ ಕಳುಹಿಸಿದ್ದಾಳೆ. ಆರು ಜನರಿಗೆ 8 ಕಪ್ ಹರಿದ ರೊಮೇನ್ ಲೆಟಿಸ್, 5 ಔನ್ಸ್ ಅರುಗುಲಾ, ಅರ್ಧ ಕಪ್ ಡ್ರೆಸಿಂಗ್ ಎಂದು ಅದರಲ್ಲಿದೆ. ಇಲ್ಲಿ ಮೈಸೂರಿನಲ್ಲಿ ನಾನು ಕೊಳ್ಳುವ ಅಂಗಡಿಯಲ್ಲಿ ಇವೆಲ್ಲ ಗ್ರಾಂ ಲೆಕ್ಕದಲ್ಲಿ ಸಿಗುತ್ತವೆ. ಒಂದು ಕಪ್ ಎಂದರೆ 8 ಔನ್ಸ್, ಅಂದರೆ 227 ಗ್ರಾಂ ಎಂದು ಒಂದು ಕಡೆ ಓದಿದೆ. ಇನ್ನೊಂದು ಕಡೆ 30 ಗ್ರಾಂ ಎಂದಿತ್ತು. ಯಾವುದು ಸರಿ? ಇನ್ನೊಂದು ವಿಷಯ: ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿರುವ ನಮ್ಮ ಮಾವನವರ ಪಥ್ಯದ ಹಾಳೆಯಲ್ಲೂ ‘ದಿನಕ್ಕೆ ಒಂದು ಕಪ್ ಸೊಪ್ಪು’ ಎಂದು ಬರೆದಿದೆ. ಅದನ್ನು ಹೇಗೆ ಅಳೆಯಬೇಕು?

ಉತ್ತರ: ನೀವು ಓದಿದ ಎರಡು ಸಂಖ್ಯೆಗಳಲ್ಲಿ 30 ಗ್ರಾಂ ಸೊಪ್ಪಿಗೆ ಹೊಂದುವಂಥದ್ದು, 227 ಗ್ರಾಂಗೂ ಸೊಪ್ಪಿಗೂ ಸಂಬಂಧವೇ ಇಲ್ಲ. ಹಾಗೆಂದು 30 ಕೂಡ ಎಲ್ಲ ಸೊಪ್ಪಿಗೂ ಸಲ್ಲುವುದಿಲ್ಲ. ಅದು ಒತ್ತದೆ ತುಂಬಿದ ಹಸಿ ಪಾಲಕ್ ಎಲೆಯ ತೂಕ. ಕಪ್ಪಿನಿಂದ ಗ್ರಾಂಗೆ ಬದಲಾಯಿಸುವಾಗ ಎಲೆಯ ಜಾತಿ, ಅದನ್ನು ಹೆಚ್ಚಿದ ಬಗೆ, ಕೈಯಿಂದ ಒತ್ತಿದ ಬಲ ಈ ಮೂರೂ ಸೇರಿ ಉತ್ತರವನ್ನು ತೀರ್ಮಾನಿಸುತ್ತವೆಯಾದ್ದರಿಂದ, ಇದಕ್ಕೆ ಒಂದೇ ಸಂಖ್ಯೆ ಹೇಳುವ ಯಾವ ಕೋಷ್ಟಕವನ್ನೂ ಪೂರ್ತಿ ನಂಬುವಂತಿಲ್ಲ.

ಮೊದಲು 227 ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಇಂಗ್ಲಿಷಿನವರ ಔನ್ಸ್ ಎಂಬ ಹೆಸರಿಗೆ ಎರಡು ಅರ್ಥಗಳಿವೆ. ತೂಕದ ಔನ್ಸ್ 28.35 ಗ್ರಾಂ, ದ್ರವದ ಔನ್ಸ್ ಒಂದು ಗಾತ್ರ, ಅಮೆರಿಕದ ಲೆಕ್ಕದಲ್ಲಿ 29.57 ಮಿಲಿಲೀಟರ್. ಬ್ರಿಟನ್ನಿನಲ್ಲಿ ಒಂದು ಔನ್ಸ್ ತೂಗುವ ನೀರು ಹಿಡಿಸುವ ಜಾಗವನ್ನೇ ಒಂದು ದ್ರವ ಔನ್ಸ್ ಎಂದು ಇಟ್ಟುಕೊಂಡರು. ನೀರಿನ ಮಟ್ಟಿಗೆ ಎರಡೂ ಒಂದೇ ಆದ್ದರಿಂದ ಹೆಸರೂ ಒಂದೇ ಆಗಿ ಉಳಿಯಿತು. ಅಮೆರಿಕದ ಅಳತೆಯ ಕಪ್ಪಿನಲ್ಲಿ ಅಲ್ಲಿನ 8 ದ್ರವ ಔನ್ಸ್, ಅಂದರೆ 236.6 ಮಿಲಿಲೀಟರ್ ಹಿಡಿಸುತ್ತದೆ. ನೀವು ಓದಿದ ಕಡೆ ಬರೆದವರು ಆ 8 ದ್ರವ ಔನ್ಸನ್ನು 8 ತೂಕದ ಔನ್ಸ್ ಎಂದು ತಿಳಿದು 28.35ರಿಂದ ಗುಣಿಸಿದ್ದಾರೆ. ಹಾಲಿಗೆ ಈ ತಪ್ಪು ಮಾಡಿದರೆ ಅಷ್ಟೇನೂ ನಷ್ಟವಿಲ್ಲ. ಸೊಪ್ಪಿಗೆ ಮಾಡಿದರೆ ನಿಮ್ಮ ಎಂಟು ಕಪ್ ಲೆಟಿಸ್ ಒಂದು ಕಿಲೋ ಎಂಟುನೂರು ಗ್ರಾಂ ಆಗುತ್ತದೆ. ಆರು ಜನರಿಗಲ್ಲ, ಒಂದು ಸಣ್ಣ ನಾಮಕರಣಕ್ಕೇ ಸಾಕಾಗುವಷ್ಟು.

ಇಂಥ ಗೊಂದಲ ನಮಗೂ ಹೊಸದಲ್ಲ. ಮೆಟ್ರಿಕ್ ಪದ್ಧತಿ ಬರುವ ಮುನ್ನ ನಮ್ಮಲ್ಲಿ ಸೇರು ತೂಕವೂ ಆಗಿತ್ತು, ಅಳತೆಯೂ ಆಗಿತ್ತು. ಬೆಲ್ಲದ ಸೇರೇ ಬೇರೆ, ಅಕ್ಕಿಯ ಸೇರೇ ಬೇರೆ. ಆದರೂ ಜನ ಮೋಸಹೋಗಲಿಲ್ಲ, ಏಕೆಂದರೆ ಭಾಷೆಯೇ ಅವೆರಡನ್ನು ಬಿಡಿಸಿ ಹೇಳುತ್ತಿತ್ತು: ಬೆಲ್ಲವನ್ನು ತೂಗುತ್ತಿದ್ದರು, ಅಕ್ಕಿಯನ್ನು ಪಾವಿನಲ್ಲೋ ಸೇರಿನಲ್ಲೋ ಅಳೆಯುತ್ತಿದ್ದರು. ಸೊಪ್ಪಿನ ವಿಷಯದಲ್ಲಿ ಎರಡನ್ನೂ ಮಾಡಲಿಲ್ಲ; ಕಟ್ಟು ಎಣಿಸಿ ಕೊಂಡರು, ಅಡುಗೆಗೆ ಹಿಡಿ, ಬೊಗಸೆ ಎಂದರು. ಸೊಪ್ಪು ಅಳತೆಗೆ ಸಿಗುವ ವಸ್ತುವಲ್ಲ ಎಂಬ ತಿಳಿವಳಿಕೆ ಆ ರೂಢಿಯಲ್ಲೇ ಇತ್ತೆಂದು ನನಗೆ ಅನ್ನಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪನ್ನೋ ಹಕ್ಕರಕಿಯನ್ನೋ ಇಡುವವರು ಇವತ್ತಿಗೂ ಕಪ್ ಹಿಡಿದು ನಿಲ್ಲುವುದಿಲ್ಲ. ಆದರೆ ನಿಮ್ಮ ರೆಸಿಪಿ ಕಪ್ಪಿನ ನಾಡಿನಿಂದ ಬಂದಿರುವುದರಿಂದ ಅದರ ಭಾಷೆಯಲ್ಲೇ ಅದನ್ನು ಓದಬೇಕಾಗುತ್ತದೆ.

ಕಪ್ ಸೊಪ್ಪಿಗೆ ಸರಿಹೋಗದಿರುವುದಕ್ಕೆ ಕಾರಣ ಸರಳವಾಗಿದೆ. ಒತ್ತದೆ ಪಾಲಕ್ ತುಂಬಿದ ಕಪ್ಪಿನಲ್ಲಿ ಇರುವ ಎಲೆಯ ತೂಕ 30 ಗ್ರಾಂ. ಅದೇ ಕಪ್ಪಿನಲ್ಲಿ ನೀರು ತುಂಬಿದರೆ ಸುಮಾರು 236 ಗ್ರಾಂ. ಎಲೆಯನ್ನು ನೀರಿಗೆ ಹಾಕಿದರೆ ತೇಲುತ್ತದೆ, ಅಂದರೆ ಅದರ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಕಡಿಮೆ. ಹಾಗಿದ್ದೂ ತೂಕ ಎಂಟನೇ ಒಂದು ಭಾಗಕ್ಕೆ ಇಳಿಯಿತೆಂದರೆ, ಆ ಕಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಇರುವುದು ಗಾಳಿಯೇ ಎಂದಾಯಿತು. ನಾವು ಅಳೆಯುತ್ತಿರುವುದು ಬಹುಮಟ್ಟಿಗೆ ಎಲೆಗಳ ನಡುವಿನ ಸಂದನ್ನು. ಸಂದು ಹೆಚ್ಚುಕಡಿಮೆಯಾದರೆ ತೂಕವೂ ಹೆಚ್ಚುಕಡಿಮೆಯಾಗುತ್ತದೆ.

ಎಲೆಯಿಂದ ಎಲೆಗೆ ಎಷ್ಟು ವ್ಯತ್ಯಾಸವಿದೆ ಎಂಬುದಕ್ಕೆ ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕಗಳ ಅಂಕಿಗಳು ಒಳ್ಳೆಯ ಆಧಾರ. ಅಲ್ಲಿನ ರೆಸಿಪಿಗಳಿಗೆ ಹೋಲಿಸಲು ಅವೇ ಸೂಕ್ತ. ಅರುಗುಲಾ, ಅಂದರೆ ನಮ್ಮ ಅಂಗಡಿಗಳಲ್ಲಿ ರಾಕೆಟ್ ಎಂಬ ಚೀಟಿ ಹೊತ್ತಿರುವ ಖಾರದ ಎಲೆ, ಒಂದು ಕಪ್ಪಿಗೆ 20 ಗ್ರಾಂ. ಪಾಲಕ್ 30. ಗುಂಗುರು ಅಂಚಿನ ಹಸಿರು ಲೆಟಿಸ್ ಸಣ್ಣಗೆ ಹೆಚ್ಚಿದ್ದು 36, ರೊಮೇನ್ 47, ಬೆಣ್ಣೆಯಂತೆ ಮೆದುವಾದ ಬಟರ್‌ಹೆಡ್ 55, ಕೋಸಿನಂತೆ ಗಟ್ಟಿ ಉಂಡೆಯಾಗಿ ಬರುವ ಐಸ್‌ಬರ್ಗ್ 72. ಅರುಗುಲಾಕ್ಕೂ ಐಸ್‌ಬರ್ಗ್‌ಗೂ ಮೂರೂವರೆ ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ತೆಳ್ಳಗೆ ಹೆಚ್ಚಿದ ಎಲೆಕೋಸು 70 ಗ್ರಾಂ ತೂಗುತ್ತದೆಯಾದ್ದರಿಂದ, ಐಸ್‌ಬರ್ಗ್‌ ಸಿಗದಾಗ ಅದರ ಬದಲಿಗೆ ಎಳೆಯ ಕೋಸು ಹಾಕುವವರು ಅಳತೆ ಬದಲಿಸುವ ಅಗತ್ಯವಿಲ್ಲ. ಕೋಸಂಬರಿಗೆ ಹೆಚ್ಚುವಷ್ಟು ತೆಳ್ಳಗೆ ಹೆಚ್ಚಿದರೆ ಸಾಕು.

ಇನ್ನು ಹೆಚ್ಚುವ ಬಗೆ. ಕೇಲ್ ಎಂಬ ದಪ್ಪ ಎಲೆಯ ಸೊಪ್ಪಿಗೆ ಅದೇ ಇಲಾಖೆಯ ಹಳೆಯ ಕೋಷ್ಟಕದಲ್ಲಿ ‘ಹೆಚ್ಚಿದ್ದು, ಒಂದು ಕಪ್ 67 ಗ್ರಾಂ’ ಎಂದಿತ್ತು. ಆಮೇಲಿನ ಕೋಷ್ಟಕದಲ್ಲಿ ‘ಒಂದು ಅಂಗುಲದ ತುಂಡುಗಳು, ಸಡಿಲವಾಗಿ ತುಂಬಿದ್ದು, ಒಂದು ಕಪ್ 16 ಗ್ರಾಂ’ ಎಂದು ಬಂತು. ಇಲಾಖೆ ಒಂದೇ, ಸೊಪ್ಪು ಒಂದೇ, ಕಪ್ಪೂ ಅದೇ. ಸಂಖ್ಯೆ ಮಾತ್ರ ನಾಲ್ಕು ಪಟ್ಟು ಬೇರೆ. ಎರಡರಲ್ಲಿ ಯಾವುದೂ ತಪ್ಪಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ್ದು. ತುಂಡು ಸಣ್ಣದಾದಂತೆ ಸಂದುಗಳು ಮುಚ್ಚುತ್ತವೆ, ಕಪ್ ಭಾರವಾಗುತ್ತದೆ. ಕೈಯಿಂದ ಒತ್ತಿ ತುಂಬಿದರೂ ಅಷ್ಟೇ. ಮೆದು ಎಲೆಗಳು ಸುಲಭವಾಗಿ ಒಂದೂವರೆಯಿಂದ ಎರಡು ಪಟ್ಟು ತೂಕ ಹಿಡಿಯುತ್ತವೆ.

ಆದ್ದರಿಂದ ರೆಸಿಪಿಯಲ್ಲಿ ಸೊಪ್ಪಿನ ಹಿಂದುಮುಂದಿನ ಪದಗಳನ್ನು ಸಂಖ್ಯೆಗಿಂತ ಹೆಚ್ಚು ಎಚ್ಚರದಿಂದ ಓದಬೇಕು. ‘ಒತ್ತಿ ತುಂಬಿದ’ ಎಂದು ಬರೆದಿದ್ದರೆ ಒತ್ತಬೇಕು. ಏನೂ ಬರೆದಿರದಿದ್ದರೆ, ಎಲೆಯನ್ನು ಕಪ್ಪಿಗೆ ಉದುರಿಸಿ, ಅಂಚಿನ ಮೇಲೆ ತಲೆ ಎತ್ತಿದ ಎಲೆಗಳನ್ನು ಅಂಗೈಯಿಂದ ಮೆಲ್ಲನೆ ತಟ್ಟಿ ಸಮ ಮಾಡಬೇಕು, ಅಷ್ಟೇ. ಇಂಗ್ಲಿಷ್ ರೆಸಿಪಿಗಳಲ್ಲಿ ಒಂದು ಅಲ್ಪವಿರಾಮ ಅರ್ಥವನ್ನೇ ಬದಲಿಸುತ್ತದೆ: ‘ಒಂದು ಕಪ್ ತುಳಸಿಜಾತಿಯ ಎಲೆ, ಹೆಚ್ಚಿದ್ದು’ ಎಂದರೆ ಇಡೀ ಎಲೆಯನ್ನು ಅಳೆದು ಆಮೇಲೆ ಹೆಚ್ಚಬೇಕೆಂದು, ‘ಹೆಚ್ಚಿದ ಎಲೆ ಒಂದು ಕಪ್’ ಎಂದರೆ ಮೊದಲು ಹೆಚ್ಚಿ ಆಮೇಲೆ ಅಳೆಯಬೇಕೆಂದು. ಎರಡನೆಯದಕ್ಕೆ ಎಲೆ ಹೆಚ್ಚು ಬೇಕಾಗುತ್ತದೆ. ಕನ್ನಡದಲ್ಲಿ ರೆಸಿಪಿ ಬರೆಯುವವರಿಗೆ ಈ ತೊಡಕಿಲ್ಲ. ‘ಒಂದು ಕಪ್ ಸೊಪ್ಪು ತೆಗೆದುಕೊಂಡು ಹೆಚ್ಚಿ’ ಎಂದೋ ‘ಹೆಚ್ಚಿದ ಸೊಪ್ಪು ಒಂದು ಕಪ್’ ಎಂದೋ ಕ್ರಿಯೆಯನ್ನು ಅದರ ಜಾಗದಲ್ಲೇ ಇಟ್ಟರೆ ಸಾಕು. ಬರೆಯುವವರು ಅಷ್ಟನ್ನೂ ಮಾಡದೆ ಬರೇ ‘ಪಾಲಕ್ – 1 ಕಪ್’ ಎಂದು ಬಿಟ್ಟಿರುವುದನ್ನು ಕಂಡಾಗ ನನಗೆ ಸ್ವಲ್ಪ ಬೇಸರವಾಗುತ್ತದೆ.

ಕಪ್ಪಿನ ಗಾತ್ರದ ಬಗ್ಗೆ ಚಿಂತಿಸಬೇಡಿ. ಅಮೆರಿಕದ ಕಪ್ 236.6, ಅಲ್ಲಿನ ಪೊಟ್ಟಣಗಳ ಮೇಲೆ ಪೋಷಕಾಂಶ ಬರೆಯುವಾಗ ಲೆಕ್ಕ ಹಿಡಿಯುವುದು 240, ಆಸ್ಟ್ರೇಲಿಯಾದ ಕಪ್ 250 ಮಿಲಿಲೀಟರ್. ಇಲ್ಲಿ ಮಾರುವ ಅಳತೆ ಕಪ್ಪುಗಳು 240 ಅಥವಾ 250ರವು. ದೊಡ್ಡದಕ್ಕೂ ಸಣ್ಣದಕ್ಕೂ ಇರುವ ಅಂತರ ನೂರಕ್ಕೆ ಆರಕ್ಕಿಂತ ಕಡಿಮೆ. ಕೈ ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಅದರ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ. ಜಪಾನಿನ ರೆಸಿಪಿಯಾದರೆ ಮಾತ್ರ ನೆನಪಿಡಿ, ಅಲ್ಲಿನ ಕಪ್ 200 ಮಿಲಿಲೀಟರ್. ನಮ್ಮ ಮನೆಗಳಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಎನ್ನುವಾಗ ಲೋಟ ಅನುಪಾತವನ್ನು ಹೇಳುತ್ತದೆ, ಯಾವ ಲೋಟವಾದರೂ ನಡೆಯುತ್ತದೆ. ಅಮೆರಿಕದ ರೆಸಿಪಿಯ ಕಪ್ ಹಾಗಲ್ಲ, ಕಾಫಿ ಕಪ್ ಹಿಡಿದು ಅಳೆಯಬೇಡಿ.

ಎಂಟು ಕಪ್ ಎಂದಾಗ ಸಣ್ಣ ಕಪ್ಪನ್ನು ಎಂಟು ಬಾರಿ ತುಂಬುವುದೂ ಸರಿಯಾದ ದಾರಿಯಲ್ಲ. ಅಂಗೈ ಅಗಲಕ್ಕೆ ಹರಿದ ರೊಮೇನ್ ಎಲೆ ಕಪ್ಪಿನ ಬಾಯಿಗೆ ಅಡ್ಡ ಕೂತುಬಿಡುತ್ತದೆ, ಕೆಳಗೆ ಅರ್ಧ ಕಪ್ ಖಾಲಿ ಉಳಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ಎಲೆಗಳು ತಮ್ಮ ಭಾರಕ್ಕೆ ತಾವೇ ಕುಳಿತುಕೊಳ್ಳುವುದರಿಂದ ಅಳತೆ ಹೆಚ್ಚು ಸ್ಥಿರವಾಗಿರುತ್ತದೆ. ನಾನು ಮಾಡುವುದು ಹೀಗೆ: ಅಗಲ ಬಾಯಿಯ ಸ್ಟೀಲ್ ಬೋಗುಣಿಗೆ ಕಪ್ಪಿನಿಂದ ಎಂಟು ಕಪ್ ನೀರು ಸುರಿದು, ನೀರಿನ ಮಟ್ಟಕ್ಕೆ ಒಳಗಡೆ ಕಂಡುಬರುವ ಯಾವುದಾದರೂ ಗುರುತನ್ನು, ಗೆರೆಯನ್ನೋ ಕೊರೆಸಿದ ಹೆಸರನ್ನೋ, ನೆನಪಿಟ್ಟುಕೊಳ್ಳುತ್ತೇನೆ. ಅದು ಸುಮಾರು 1.9 ಲೀಟರ್. ಪಾತ್ರೆ ಒರೆಸಿ, ಸೊಪ್ಪನ್ನು ಆ ಮಟ್ಟದವರೆಗೆ ಉದುರಿಸಿದರೆ ಎಂಟು ಕಪ್ ಆಯಿತು. ನನ್ನ ಬೋಗುಣಿಯಲ್ಲಿ ಆ ಮಟ್ಟ ನಮ್ಮ ಅತ್ತೆಯವರ ಹೆಸರು ಕೊರೆಸಿದ ಸಾಲಿಗೆ ಸರಿಯಾಗಿ ಬರುತ್ತದೆ.

ತಕ್ಕಡಿ ಇದ್ದರೆ ಒಮ್ಮೆ ಕುಳಿತು ನಿಮ್ಮದೇ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅಡುಗೆಮನೆಯ ಬ್ಯಾಟರಿ ತಕ್ಕಡಿಗಳು ಒಂದು ಗ್ರಾಂವರೆಗೆ ತೋರಿಸುತ್ತವೆಯಾದರೂ ಹತ್ತಿಪ್ಪತ್ತು ಗ್ರಾಂಗಳಲ್ಲಿ ಒಂದೆರಡು ಗ್ರಾಂ ಆಚೀಚೆ ಆದರೂ ದೊಡ್ಡ ತಪ್ಪೇ ಆಗುವುದರಿಂದ, ಒಂದು ಕಪ್ ತೂಗಬೇಡಿ. ಖಾಲಿ ಪಾತ್ರೆ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ, ನಾಲ್ಕು ಕಪ್ ಸೊಪ್ಪು ಹಾಕಿ, ಬಂದ ತೂಕವನ್ನು ನಾಲ್ಕರಿಂದ ಭಾಗಿಸಿ. ಮತ್ತೊಮ್ಮೆ ಹಾಗೆಯೇ ಮಾಡಿ. ಎರಡು ಬಾರಿಯ ಉತ್ತರಗಳು ಹತ್ತಿರವಿದ್ದರೆ ಅದೇ ನಿಮ್ಮ ಕೈಯ ಅಳತೆ. ಎಲೆ ಒಣಗಿರಬೇಕು: ತೊಳೆದು ಜರಡಿಯಲ್ಲಿ ಬಸಿದ ಮಾತ್ರಕ್ಕೆ ಸೊಪ್ಪು ಒಣಗುವುದಿಲ್ಲ, ಪ್ರತಿ ಮಡಿಕೆಯಲ್ಲೂ ನೀರು ಕೂತಿರುತ್ತದೆ, ತಕ್ಕಡಿ ಆ ನೀರನ್ನೂ ಸೊಪ್ಪೆಂದೇ ಲೆಕ್ಕ ಹಿಡಿಯುತ್ತದೆ. ಹತ್ತಿಯ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಹೊದಿಸಿ, ಸುರುಳಿ ಸುತ್ತಿ ಹತ್ತು ನಿಮಿಷ ಬಿಟ್ಟರೆ ತೂಕವೂ ಸರಿಯಾಗುತ್ತದೆ, ಡ್ರೆಸಿಂಗ್ ಕೂಡ ಎಲೆಗೆ ಅಂಟುತ್ತದೆ. ಬಾಡಿದ ಎಲೆಯ ವಿಷಯ ಇದಕ್ಕೆ ತದ್ವಿರುದ್ಧ: ಬಾಡುವಾಗ ಕಳೆದುಕೊಳ್ಳುವ ತೂಕ ಸ್ವಲ್ಪ, ಕಳೆದುಕೊಳ್ಳುವ ಗಾತ್ರ ಬಹಳ. ಸಂಜೆಯ ಬಾಡಿದ ಸೊಪ್ಪನ್ನು ಕಪ್ಪಿನಲ್ಲಿ ಅಳೆದರೆ ಬೇಕಾದದ್ದಕ್ಕಿಂತ ಹೆಚ್ಚೇ ಬಳಸುತ್ತೀರಿ. ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಎಲೆ ಮತ್ತೆ ಬಿರುಸಾಗುತ್ತದೆ, ಆಮೇಲೆ ಅಳೆಯಿರಿ.

ಈಗ ನಿಮ್ಮ ರೆಸಿಪಿಗೆ ಬರೋಣ. ಹೆಚ್ಚಿದ ರೊಮೇನ್ ಕಪ್ಪಿಗೆ 47 ಗ್ರಾಂನಂತೆ ಎಂಟು ಕಪ್ಪಿಗೆ 376 ಗ್ರಾಂ ಆಗುತ್ತದೆ. ನಿಮ್ಮದರಲ್ಲಿ ಎಲೆಯನ್ನು ಹರಿಯಲು ಹೇಳಿದ್ದಾರೆ, ಹರಿದ ತುಂಡುಗಳು ದೊಡ್ಡವು, ಆದ್ದರಿಂದ 300ರಿಂದ 350 ಗ್ರಾಂ ಸಾಕು. ಬುಡ ಮತ್ತು ಹೊರಗಿನ ಒಂದೆರಡು ಎಲೆ ತೆಗೆದ ಮೇಲಿನ ತೂಕ ಇದು. ಅಂಗಡಿಯಲ್ಲಿ 400 ಗ್ರಾಂ ಕೊಳ್ಳಿ. ಅರುಗುಲಾದ 5 ಔನ್ಸ್ ತೂಕದ ಔನ್ಸ್. ಅಮೆರಿಕದಲ್ಲಿ ಸಲಾಡ್ ಸೊಪ್ಪು ಮಾರುವ ಪ್ಲಾಸ್ಟಿಕ್ ಡಬ್ಬಿಗಳ ಸಾಮಾನ್ಯ ಅಳತೆಯೇ ಅದು. 142 ಗ್ರಾಂ ಎಂದಿಟ್ಟುಕೊಳ್ಳಿ, ಕಪ್ಪಿನಲ್ಲಿ ಸುಮಾರು ಏಳು. ರಾಕೆಟ್ ಸಿಗದೆ ಎಳೆ ಪಾಲಕ್ ಹಾಕುವುದಾದರೆ ಅದೇ 142 ಗ್ರಾಂ ಐದು ಕಪ್ಪಿಗಿಂತ ಕಡಿಮೆಯಾಗಿ ಕಾಣುತ್ತದೆ. ಬಟ್ಟಲು ತುಂಬಿದಂತೆ ಕಾಣಬೇಕೆಂದು ಇನ್ನಷ್ಟು ಸುರಿಯಬೇಡಿ. ಬೇರು ಸಹಿತ ಕಟ್ಟಾಗಿ ಬರುವ ಪಾಲಕ್‌ನಲ್ಲಿ ಬೇರು, ದಪ್ಪ ದಂಟು ಸೇರಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕಸಕ್ಕೆ ಹೋಗುತ್ತದೆ, ಆದ್ದರಿಂದ ಆಗ 200 ಗ್ರಾಂ ಬೇಕು.

ಈ ಲೆಕ್ಕ ಸರಿಯೇ ಎಂದು ತಾಳೆ ನೋಡಲು ರೆಸಿಪಿಯಲ್ಲೇ ಒಂದು ದಾರಿಯಿದೆ. ಸಾಮಾನ್ಯವಾಗಿ ಎರಡು ಕಪ್ ಸೊಪ್ಪಿಗೆ ಒಂದು ಟೇಬಲ್ ಚಮಚ ಡ್ರೆಸಿಂಗ್ ಹಿಡಿಯುತ್ತದೆ. ಎಂಟು ಮತ್ತು ಏಳು ಸೇರಿ ಹದಿನೈದು ಕಪ್, ಅದಕ್ಕೆ ಏಳೂವರೆ ಚಮಚ. ಅರ್ಧ ಕಪ್ ಎಂದರೆ ಎಂಟು ಚಮಚ. ರೆಸಿಪಿ ಬರೆದವರ ಮನಸ್ಸಿನಲ್ಲಿದ್ದ ಸೊಪ್ಪಿನ ಪ್ರಮಾಣ ಇಷ್ಟೇ ಎಂಬುದು ಇದರಿಂದ ಖಚಿತವಾಗುತ್ತದೆ. ಸಲಾಡಿನಲ್ಲಿ ಅಳತೆ ತಪ್ಪಿದರೆ ಕೆಡುವುದು ಸೊಪ್ಪಿನಿಂದಲ್ಲ, ಡ್ರೆಸಿಂಗ್‌ನಿಂದ: ಸೊಪ್ಪು ಕಡಿಮೆಯಾಗಿ ಡ್ರೆಸಿಂಗ್ ಹೆಚ್ಚಾದರೆ ಅದರ ಉಪ್ಪು ಎಲೆಯ ನೀರನ್ನು ಎಳೆದು, ಊಟಕ್ಕೆ ಕೂರುವಷ್ಟರಲ್ಲಿ ಬಟ್ಟಲಿನ ತಳದಲ್ಲಿ ಹುಳಿನೀರು ನಿಂತಿರುತ್ತದೆ. ಅರ್ಧ ಕಪ್ಪನ್ನು ಒಮ್ಮೆಲೇ ಸುರಿಯದೆ ಮುಕ್ಕಾಲು ಪಾಲು ಹಾಕಿ ಕಲಸಿ, ರುಚಿ ನೋಡಿ, ಉಳಿದದ್ದನ್ನು ಹಾಕಿ. ಇಷ್ಟು ಎಚ್ಚರವಿದ್ದರೆ ಐವತ್ತು ಗ್ರಾಂ ಆಚೀಚೆ ಆದರೂ ಯಾರಿಗೂ ತಿಳಿಯುವುದಿಲ್ಲ.

ಮಾವನವರ ವಿಷಯ ಹಾಗಲ್ಲ. ವಾರ್ಫರಿನ್ ಕೆಲಸ ಮಾಡುವುದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಬಳಕೆಯಾಗದಂತೆ ತಡೆಯುವ ಮೂಲಕ. ಸೊಪ್ಪಿನಲ್ಲಿ ಧಾರಾಳವಾಗಿರುವುದು ಅದೇ ವಿಟಮಿನ್. ಅದಕ್ಕಾಗಿ ಸೊಪ್ಪನ್ನೇ ಬಿಡಬೇಕಿಲ್ಲ, ಆದರೆ ಪ್ರಮಾಣ ದಿನದಿಂದ ದಿನಕ್ಕೆ ಏರುಪೇರಾಗಬಾರದು, ಏಕೆಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರು ಮಾತ್ರೆಯ ಪ್ರಮಾಣ ಗೊತ್ತುಮಾಡುವುದು ಅವರು ಈಗ ತಿನ್ನುತ್ತಿರುವ ಊಟಕ್ಕೆ ಹೊಂದಿಸಿ. ಇಲ್ಲಿ ‘ಒಂದು ಕಪ್’ ಎಂಬ ಮಾತು ಎಷ್ಟು ಸಡಿಲ ಎಂಬುದನ್ನು ನೋಡಿ. ಒಂದು ಕಪ್ ಹಸಿ ಪಾಲಕ್, 30 ಗ್ರಾಂ, ಅದರಲ್ಲಿ ವಿಟಮಿನ್ ಕೆ ಸುಮಾರು 145 ಮೈಕ್ರೋಗ್ರಾಂ. ಬೇಯಿಸಿ ನೀರು ಬಸಿದ ಪಾಲಕ್ ಒಂದು ಕಪ್ ಎಂದರೆ 180 ಗ್ರಾಂ, ಅದರಲ್ಲಿ ಸುಮಾರು 890 ಮೈಕ್ರೋಗ್ರಾಂ. ಸೊಪ್ಪು ಬೇಯಲು ಇಟ್ಟಾಗ ಪಾತ್ರೆ ತುಂಬ ಇದ್ದದ್ದು ಇಳಿಸುವಾಗ ಹಿಡಿಯಷ್ಟಾಗುವುದು ನಿಮಗೆ ಗೊತ್ತೇ ಇದೆ. ಆ ಹಿಡಿಯೊಳಗೆ ಆರು ಕಪ್ಪಿನ ಸೊಪ್ಪು ಅಡಗಿರುತ್ತದೆ. ಅದೇ ಐಸ್‌ಬರ್ಗ್ ಲೆಟಿಸ್ ಒಂದು ಕಪ್ಪಿಗೆ ಬರೇ 17 ಮೈಕ್ರೋಗ್ರಾಂ, ರೊಮೇನ್ ಸುಮಾರು 48. ಹಾಳೆಯಲ್ಲಿರುವ ಒಂದೇ ಸಾಲನ್ನು ಒಬ್ಬರು 17 ಎಂದು ಓದಬಹುದು, ಇನ್ನೊಬ್ಬರು 890 ಎಂದು ಓದಬಹುದು. ಒಂದು ದಿನ ಸಲಾಡ್, ಮರುದಿನ ಮಸ್ಸೊಪ್ಪು ಮಾಡುವ ಮನೆಯಲ್ಲಿ ಒಬ್ಬರೇ ಎರಡನ್ನೂ ಓದಬಹುದು.

ಮೂತ್ರಪಿಂಡದ ತೊಂದರೆಗಾಗಿ ಪೊಟ್ಯಾಸಿಯಂ ಮಿತಿ ಇಟ್ಟವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಹಸಿ ಪಾಲಕ್ ಒಂದು ಕಪ್ಪಿಗೆ 167 ಮಿಲಿಗ್ರಾಂ, ಬೆಂದದ್ದು ಒಂದು ಕಪ್ಪಿಗೆ ಸುಮಾರು 840.

ಆದ್ದರಿಂದ ಮುಂದಿನ ಸಲ ಐಎನ್‌ಆರ್ ಪರೀಕ್ಷೆಗೆ ಹೋಗುವಾಗ ಆ ಹಾಳೆಯನ್ನು ಜೊತೆಗೆ ಒಯ್ಯಿರಿ. ಒಂದು ವಾರ ಮಾವನವರು ತಿಂದ ಸೊಪ್ಪನ್ನು, ಬೇಯಿಸುವ ಮೊದಲು ಸೋಸಿ ಒಣಗಿಸಿದ ಹಸಿ ಸೊಪ್ಪಿನ ತೂಕದಲ್ಲಿ, ಯಾವ ಸೊಪ್ಪು ಎಂಬುದರ ಸಮೇತ ಬರೆದು ತೋರಿಸಿ. ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದರೆ ಒಟ್ಟು ತೂಕವನ್ನು ಬಡಿಸಿದ ಪಾಲಿಗೆ ಭಾಗಿಸಿದರೆ ಸಾಕು. ‘ಒಂದು ಕಪ್’ ಎಂದು ಬರೆದಿರುವ ಕಡೆ ಹಸಿಯದೋ ಬೆಂದದ್ದೋ, ಎಷ್ಟು ಗ್ರಾಂ ಎಂಬುದನ್ನು ವೈದ್ಯರಿಂದಲೋ ಆಹಾರತಜ್ಞರಿಂದಲೋ ಬರೆಸಿಕೊಳ್ಳಿ. ಅಲ್ಲಿಯವರೆಗೆ ಅವರು ಈಗ ತಿನ್ನುತ್ತಿರುವುದನ್ನು ಹೆಚ್ಚಿಸಲೂ ಬೇಡಿ, ಕಡಿಮೆ ಮಾಡಲೂ ಬೇಡಿ. ಮಗಳ ಸಲಾಡ್ ಮಾಡುವ ದಿನ ಅವರ ತಟ್ಟೆಗೆ ಬೀಳುವ ಸೊಪ್ಪನ್ನೂ ಆ ದಿನದ ಲೆಕ್ಕದಲ್ಲೇ ಸೇರಿಸಿ.